ಮಿಷಿಗನ್ ಚಳೀಲಿ ಎಪಾಕ್ಸಿ ಕೆಲಸ: ಪ್ರೊಪೇನ್ ಹೀಟರ್ರಾ, ಆಯಿಲ್ ರೇಡಿಯೇಟರ್ರಾ?

ಮೊದಲೇ ಹೇಳ್ಬಿಡ್ತೀನಿ, ಚಳೀಲಿ ಗ್ಯಾರೇಜಲ್ಲಿ ದೋಣಿಗೆ ಎಪಾಕ್ಸಿ (ರೆಸಿನ್ ಮತ್ತೆ ಹಾರ್ಡ್ನರ್ ಬೆರೆಸಿ ಹಚ್ಚೋ ಗಟ್ಟಿ ಅಂಟು) ಹಾಕೋದಿದ್ರೆ ಆಯಿಲ್ ತುಂಬಿರೋ ಎಲೆಕ್ಟ್ರಿಕ್ ರೇಡಿಯೇಟರ್ ತಗೊಳ್ಳಿ, ಜೊತೆಗೊಂದು ರೋಲ್ ಪ್ಲಾಸ್ಟಿಕ್ ಶೀಟ್. ಪ್ರೊಪೇನ್ ಹೀಟರ್ ನಾನು ಮೊದಲು ತಂದಿದ್ದು, ರೇಡಿಯೇಟರ್‌ಗಿಂತ ದುಬಾರಿ ಬೇರೆ, ಹತ್ತೇ ನಿಮಿಷದಲ್ಲಿ ಗ್ಯಾರೇಜ್ ಬೆಚ್ಚಗಾಗತ್ತೆ ಅನ್ನೋದು ನಿಜಾನೇ, ಆದ್ರೂ ಬೇಡ.

ನಾವಿರೋದು ಡೆಟ್ರಾಯಿಟ್ ಪಕ್ಕ. ಗ್ಯಾರೇಜಲ್ಲಿ 4 ಎಂಎಂ ಒಕುಮೆ ಅನ್ನೋ ಮರದ ಪ್ಲೈವುಡ್ಡಿಂದ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಕಟ್ತಿದೀನಿ, ಹಲಗೆಗಳನ್ನ ತಂತೀಲಿ ಹೊಲಿದು ಎಪಾಕ್ಸಿ ಹಾಕಿ ಕೂರಿಸೋ ಥರದ್ದು. ಬೇಸಿಗೆಗೆ ನೀರಿಗಿಳಿಸ್ಬೇಕಂದ್ರೆ ಜನವರೀಲೇ ಕೆಲಸ ಆಗ್ಬೇಕು, ಆಗ ಹೀಟರ್ ಇಲ್ದಿದ್ರೆ ಒಳಗೆ ಸೊನ್ನೆ ಡಿಗ್ರಿ ಆಸುಪಾಸು, ರೆಸಿನ್ ಡಬ್ಬಿಯಿಂದ ಜೋನಿಬೆಲ್ಲದ ಹಾಗೆ ಇಳಿಯತ್ತೆ. ವೆಸ್ಟ್ ಸಿಸ್ಟಂ ಎಪಾಕ್ಸಿ ಮಾಡೋರು ಇದೇ ರಾಜ್ಯದ ಬೇ ಸಿಟಿಯವ್ರು, ಚಳಿ ಅಂದ್ರೇನಂತ ಅವರಿಗೆ ಹೇಳ್ಕೊಡಬೇಕಾಗಿಲ್ಲ, ಆದ್ರೂ ಅವರ 206 ಸ್ಲೋ ಹಾರ್ಡ್ನರ್‌ಗೆ ಕಮ್ಮಿ ಅಂದ್ರೂ 16 ಡಿಗ್ರಿ ಬೇಕೇ ಬೇಕು.

ಈಗ ಪ್ರೊಪೇನ್ ತಕರಾರು. ಒಂದು ಕೆಜಿ ಪ್ರೊಪೇನ್ ಉರಿದ್ರೆ ಸುಮಾರು 1.6 ಕೆಜಿ ನೀರು ಆವಿಯಾಗಿ ಹೊರಗೆ ಬರತ್ತೆ, ಚಿಮಣಿ ಇಲ್ಲದ ಹೀಟರ್ ಆದ್ರೆ ಅಷ್ಟೂ ಗ್ಯಾರೇಜ್ ಒಳಗೇ, ಜೊತೆಗೆ ಕಾರ್ಬನ್ ಡೈಆಕ್ಸೈಡು. ಗಾಳಿ ಬಿಸಿ, ಪ್ಲೈವುಡ್ ಇನ್ನೂ ತಣ್ಣಗೆ, ಹಂಗಾಗಿ ತೇವ ಹೋಗಿ ಕೂರೋದು ದೋಣಿ ಮೇಲೇ. ಹಾರ್ಡ್ನರಲ್ಲಿರೋ ಅಮೀನ್ ಅನ್ನೋ ರಾಸಾಯನಿಕ ಈ ತೇವ ಮತ್ತೆ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರ್ಕೊಂಡು ಮೇಲೊಂದು ಪದರ ಕಟ್ಟತ್ತೆ, ಬ್ಲಶ್ ಅಂತಾರೆ.

ನೋಡೋಕೆ ಏನೂ ಗೊತ್ತಾಗಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಗಟ್ಟಿಯಾಗಿದೆ, ಹೊಳೀತಿದೆ, ಕೈ ಇಟ್ರೆ ಜಿಡ್ಡು ಜಿಡ್ಡು. ಸ್ಯಾಂಡ್‌ಪೇಪರ್ ಹಾಕಿದ್ರೆ ಎರಡು ಎಳೆತಕ್ಕೆ ಮುಚ್ಚಿಹೋಗತ್ತೆ, ಅಸಿಟೋನ್ ಹಾಕಿ ಒರೆಸಿದ್ರೆ ಆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗತ್ತೆ ಅಷ್ಟೇ. ಅದು ಹೋಗೋದು ಬರೀ ನೀರಿಗೆ, ನೀರು ಹಾಕಿ ಸ್ಕಾಚ್‌ಬ್ರೈಟಲ್ಲಿ ಉಜ್ಜಿ, ಪೇಪರ್ ಟವೆಲಲ್ಲಿ ಒರೆಸಿ, ಆಮೇಲೆ ಸ್ಯಾಂಡಿಂಗ್. ಚಳೀಲಿ ಬಕೆಟ್ ಇಟ್ಕೊಂಡು ಕಯಾಕಿನ ಮೂತಿ ಒಳಗೆ ಕೈ ತೂರಿಸಿ ಸಂದಿ ಸಂದಿ ಉಜ್ಜಿ ನೋಡಿ ಒಂದ್ಸಲ, ದೋಣಿ ಯಾಕಪ್ಪಾ ಬೇಕಿತ್ತು ಅನ್ಸತ್ತೆ. ಬಿಟ್ರೆ ಮುಂದಿನ ಕೋಟ್ ಹಿಡಿಯಲ್ಲ, ವಾರ್ನಿಷ್ ಸರಿಯಾಗಿ ಒಣಗಲ್ಲ. ಹಿಂದಿನ ಕೋಟ್ ಇನ್ನೂ ಅಂಟಂಟಾಗಿರೋವಾಗಲೇ ಸ್ಯಾಂಡಿಂಗ್ ಇಲ್ದೆ ಮುಂದಿನದು ಹಾಕ್ಬಹುದು ಅನ್ನೋ ಅನುಕೂಲ ಇರತ್ತಲ್ಲ, ಬ್ಲಶ್ ಬಂದ್ರೆ ಅದೂ ಹೋಯ್ತು.

ಇದರ ಮೇಲೆ ಕಾರ್ಬನ್ ಮೊನಾಕ್ಸೈಡ್ ಭಯಕ್ಕೆ ಬಾಗಿಲು ಸ್ವಲ್ಪ ತೆಗೆದಿಡ್ಬೇಕು, ಕಾಯಿಸಿದ ಗಾಳಿ ಅಲ್ಲಿಂದಾನೇ ಆಚೆ.

ರೇಡಿಯೇಟರಲ್ಲಿ ಬೆಂಕಿ ಇಲ್ಲ, ಆವಿ ಇಲ್ಲ, ಧೂಳು ಎಬ್ಬಿಸೋ ಫ್ಯಾನೂ ಇಲ್ಲ. ಇಡೀ ಗ್ಯಾರೇಜ್ ಕಾಯಿಸೋ ತಾಕತ್ತು ಅದಕ್ಕಿಲ್ಲ, ಅದಕ್ಕೇ ಮೇಲಿನ ತೊಲೆಯಿಂದ ಪ್ಲಾಸ್ಟಿಕ್ ಇಳಿಬಿಟ್ಟು ದೋಣಿ ಸುತ್ತ ಡೇರೆ ಮಾಡಿ, ರೇಡಿಯೇಟರ್ ಕೆಳಗಿಡೋದು, ಪ್ಲಾಸ್ಟಿಕ್ ಅದಕ್ಕೆ ತಾಗಬಾರದು. ಡೇರೆ ಒಳಗೆ 20 ಡಿಗ್ರಿ ಆರಾಮಾಗಿ ನಿಲ್ಲತ್ತೆ. ರೆಸಿನ್ ಡಬ್ಬೀನೂ ಅಲ್ಲೇ. ಮೊದಲ ಕೋಟ್ ಹಚ್ಚೋವಾಗ ಮಾತ್ರ ಹೀಟ್ ಇಳಿಸ್ಬಿಡಿ, ಮರ ಬಿಸಿ ಏರ್ತಿದ್ರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳತ್ತೆ, ತಣ್ಣಗಾಗ್ತಿದ್ರೆ ಮರಾನೇ ಎಪಾಕ್ಸೀನ ಒಳಗೆ ಎಳ್ಕೊಳ್ಳತ್ತೆ. ಇನ್ನೊಂದು, ನಮ್ಮಲ್ಲಿ 120 ವೋಲ್ಟ್, 1500 ವ್ಯಾಟ್ ಅಂದ್ರೆ 12.5 ಆಂಪ್, ಅದೇ 15 ಆಂಪ್ ಲೈನಲ್ಲಿ ವ್ಯಾಕ್ಯೂಮ್ ಹಾಕಿದ್ರೆ ಬ್ರೇಕರ್ ಬೀಳತ್ತೆ.

ಇನ್‌ಫ್ರಾರೆಡ್ ಲ್ಯಾಂಪೂ ನೋಡಿದೆ, ಮುಖ ಮಾಡಿದ ಕಡೆ ಸುಡತ್ತೆ, ಪಕ್ಕದಲ್ಲೇ ತಣ್ಣಗೆ. ವೆಸ್ಟ್ ಸಿಸ್ಟಂದೇ 205 ಫಾಸ್ಟ್ ಹಾರ್ಡ್ನರ್ 4 ಡಿಗ್ರಿವರೆಗೂ ನಡೆಯತ್ತೆ, ಆದ್ರೆ ಅಷ್ಟು ಚಳೀಲಿ ರೆಸಿನ್ ಮಂದವಾಗಿ, ದೋಣಿಗೆ ಹೊದಿಸೋ ಫೈಬರ್‌ಗ್ಲಾಸ್ ಬಟ್ಟೆ ಒಳಗೆ ಇಳಿಯೋಕೇ ಒದ್ದಾಡತ್ತೆ, ಬೆಚ್ಚಗೆ ಮಾಡ್ಕೊಂಡ್ರೆ ಕಲಸಿದ ಕಪ್ಪಲ್ಲೇ ಹತ್ತು ನಿಮಿಷಕ್ಕೆ ಗಟ್ಟಿ, ನನ್ನ ಕೈ ಅಷ್ಟು ಚುರುಕಿಲ್ಲ.

ನಾನು ಕೆಲಸಕ್ಕೆ ಕೂರೋದೇ ಮಕ್ಕಳು ಮಲಗಿದ ಮೇಲೆ, ಎಪಾಕ್ಸಿ ಗಟ್ಟಿಯಾಗೋದು ನಾನು ನಿದ್ದೆ ಮಾಡ್ತಿರೋವಾಗ, ಪ್ರೊಪೇನ್ ಉರಿಸಿಟ್ಟು ಮಲಗೋ ಮಾತೇ ಇಲ್ಲ. ರೇಡಿಯೇಟರ್ ಹತ್ತು ಗಂಟೆ ಪೂರ್ತಿ ಓಡಿದ್ರೂ 15 ಯೂನಿಟ್, ಥರ್ಮೋಸ್ಟಾಟ್ ಇರೋದ್ರಿಂದ ಅಷ್ಟೂ ಆಗಲ್ಲ, ಅಷ್ಟು ಬಿಲ್ ನಾನು ಕಟ್ತೀನಿ. ನಿಮ್ಮ ಶೆಡ್ಡಲ್ಲಿ ಕರೆಂಟೇ ಇಲ್ಲ ಅಂದ್ರೆ ಹೊಗೆ ಆಚೆ ಬಿಡೋ ಪೈಪ್ ಇರೋ ಹೀಟರೇ ನೋಡಿ, ಖರ್ಚು ಜಾಸ್ತಿ. ನನ್ನ ಪ್ರೊಪೇನ್ ಹೀಟರ್ ಈಗ ತಂತಿ ಹೊಲಿಯೋ ದಿನಗಳಿಗೆ ಮಾತ್ರ, ಬಾಗಿಲು ತೆಗೆದಿಟ್ಕೊಂಡು.