ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಓಡೋದಾದರೆ ಎಲ್ಲಿ? ನಾಲ್ಕು ದಾರಿಗಳ ಹೋಲಿಕೆ

ಇಂಗ್ಲೆಂಡಿನಲ್ಲಿ ಚೆಂದದ ದಾರಿಗೆ ಬರವಿಲ್ಲ. ಓಡೋಕೆ ಆಗುವ ಚೆಂದದ ದಾರಿ ಮಾತ್ರ ಕಮ್ಮಿ. ಕ್ಯಾಲೆಂಡರಿನಲ್ಲಿ ಕಾಣುವಂಥ ಹಸಿರು ಗುಡ್ಡದ ಮೇಲೆ ಒಮ್ಮೆ ಓಡಿ ನೋಡಿ. ಅರ್ಧ ಹೊತ್ತು ಕಣ್ಣು ನೆಲದ ಮೇಲೇ ಇರುತ್ತದೆ. ಬೇರು, ಕಲ್ಲು, ಕುರಿ ಹಿಕ್ಕೆ, ಕೆಸರು. ಹಾಗಾಗಿ ದಾರಿಗಳನ್ನು ಅಳೆಯೋಕೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ಓಡುತ್ತಲೇ ತಲೆ ಎತ್ತಿ ಸುತ್ತ ನೋಡೋಕೆ ಆಗುತ್ತಾ, ಇಲ್ವಾ? ನಿಂತು ನಿಂತು ನೋಡುವುದಾದರೆ ಆರಾಮಾಗಿ ನಡೆದುಕೊಂಡೇ ಹೋಗಬಹುದು, ಅಲ್ವಾ?

ನಾನು ಓಡಿ ನೋಡಿದವು ನಾಲ್ಕು: ಆಕ್ಸ್‌ಫರ್ಡಿನ ಪೋರ್ಟ್ ಮೆಡೋ, ಪೀಕ್ ಡಿಸ್ಟ್ರಿಕ್ಟಿನ ಮಾನ್ಸಲ್ ಟ್ರೇಲ್, ಸಸೆಕ್ಸ್ ಕರಾವಳಿಯ ಸೆವೆನ್ ಸಿಸ್ಟರ್ಸ್, ಲೇಕ್ ಡಿಸ್ಟ್ರಿಕ್ಟಿನ ಬಟರ್‌ಮಿಯರ್ ಸರೋವರ. ನನ್ನದು ನಿಧಾನದ ಓಟ. ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಗುಡ್ಡ ಹತ್ತಿ ಅಭ್ಯಾಸ ಇರುವವರು ನನ್ನ ತೀರ್ಪನ್ನು ಒಪ್ಪದೇ ಇರಬಹುದು.

ಮನೆ ರೆಡಿಂಗ್‌ನಲ್ಲಿ. ಅಲ್ಲಿಂದ ಆಕ್ಸ್‌ಫರ್ಡಿಗೆ ರೈಲಿನಲ್ಲಿ ಅರ್ಧ ಗಂಟೆ. ಹಾಗಾಗಿ ಪೋರ್ಟ್ ಮೆಡೋಗೆ ಹೋದಷ್ಟು ಬೇರೆಲ್ಲಿಗೂ ಹೋಗಿಲ್ಲ. ಸ್ಟೇಷನ್ ಹತ್ತಿರ ಥೇಮ್ಸ್ ದಡ ಹಿಡಿದು ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಊರು ಮುಗಿದು ಬಯಲು ಬರುತ್ತದೆ. ಇದು ಊರಿನ ಗೋಮಾಳ. 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲೇ ಇದರ ಪ್ರಸ್ತಾಪವಿದೆ. ಈಗಲೂ ದನ, ಕುದುರೆ ಮೇಯುತ್ತಿರುತ್ತವೆ. ನದಿಯ ಪಶ್ಚಿಮ ದಡದಲ್ಲಿ ಥೇಮ್ಸ್ ಪಾತ್ ಹಿಡಿದು ಗಾಡ್‌ಸ್ಟೋ ತನಕ ಹೋಗಿ, ಅಲ್ಲಿ ಪಾಳುಬಿದ್ದ ಸನ್ಯಾಸಿನಿಯರ ಮಠದ ಗೋಡೆಗಳನ್ನು ಬಳಸಿ, ವುಲ್ವರ್‌ಕೋಟ್ ಕಡೆಯಿಂದ ಬಯಲಿನ ಮೇಲೆ ವಾಪಸ್ ಬಂದರೆ ಒಂದು ಸುತ್ತು. ಏರು ಅನ್ನೋದೇ ಇಲ್ಲ. ಒಂದು ಕಡೆ ನದಿ, ದಡಕ್ಕೆ ಕಟ್ಟಿದ ಉದ್ದನೆಯ ದೋಣಿಮನೆಗಳು, ಮೇಲೆ ಬರೀ ಆಕಾಶ. ತಲೆ ಎತ್ತಿಕೊಂಡೇ ಓಡಬಹುದು.

ತೊಂದರೆ ಇರೋದು ಚಳಿಗಾಲದಲ್ಲಿ. ಆಗ ನದಿ ಉಕ್ಕಿ ಬಯಲೆಲ್ಲ ಕೆರೆಯಾಗುತ್ತದೆ. ನೋಡೋಕೆ ಸೊಗಸು, ಓಡೋಕೆ ಜಾಗವೇ ಇರುವುದಿಲ್ಲ. ಪಕ್ಕದಲ್ಲಿ ಬರ್ಜಸ್ ಫೀಲ್ಡ್ ಅಂತ ಒಂದು ದಿಬ್ಬವಿದೆ. ಹಿಂದೆ ಊರಿನ ಕಸ ಸುರಿಯುತ್ತಿದ್ದ ಜಾಗ, ಈಗ ಗಿಡ ಮರ ಬೆಳೆದ ಪ್ರಕೃತಿ ತಾಣ. ನೆರೆ ಬಂದಾಗ ನಾನು ಅಲ್ಲಿಗೇ ಹೋಗುವುದು. ಕಸದ ಗುಡ್ಡೆಯ ಮೇಲೆ ಓಡುತ್ತಿದ್ದೇವೆ ಅಂತ ಯಾರೂ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

ದನದ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ದನಗಳ ನಡುವೆಯೇ ಬೆಳೆದ ನಮಗೆ ಅವುಗಳ ಭಯ ಇರುವುದಿಲ್ಲ. ಹಣೆ ಸವರಿ, ಹಗ್ಗ ಸರಿಸಿ ಮುಂದೆ ಹೋಗಿ ಅಭ್ಯಾಸ. ಇಲ್ಲಿ ಹಾಗೆ ಮಾಡಬೇಡಿ. ಇಲ್ಲಿನವು ಹಗ್ಗ ಕಾಣದ, ಮನುಷ್ಯರ ಕೈ ಜಾಸ್ತಿ ಕಾಣದ ಹಿಂಡುಗಳು. ಎಳೆಯ ಹೋರಿಗಳು ಕುತೂಹಲಕ್ಕೇ ಹಿಂದೆ ಓಡಿ ಬರುತ್ತವೆ. ಕರು ಇರುವ ಹಸು ನಿಜಕ್ಕೂ ಅಪಾಯ, ಅದರಲ್ಲೂ ಜೊತೆಗೆ ನಾಯಿ ಇದ್ದರೆ. ಹಿಂಡು ಕಂಡ ಕೂಡಲೇ ಓಟ ನಿಲ್ಲಿಸಿ ನಡೆಯಿರಿ, ದೂರದಿಂದ ಬಳಸಿ ಹೋಗಿ. ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ, ಅದು ಹೇಗೋ ತಪ್ಪಿಸಿಕೊಳ್ಳುತ್ತದೆ. ಪೋರ್ಟ್ ಮೆಡೋ ದನಗಳು ಓಡುವವರನ್ನು ನೋಡಿ ನೋಡಿ ಬೇಸತ್ತಿವೆ, ಕತ್ತು ಕೂಡ ಎತ್ತುವುದಿಲ್ಲ. ಉಳಿದ ಕಡೆ ಆ ಭರವಸೆ ಬೇಡ.

ಮಾನ್ಸಲ್ ಟ್ರೇಲ್‌ನಲ್ಲಿ ಈ ರಗಳೆಯೇ ಇಲ್ಲ. ಅದು ಹಳೆಯ ರೈಲು ಹಳಿಯ ಜಾಗ. 1968ರಲ್ಲಿ ರೈಲು ನಿಂತಿತು, ಹಳಿ ಕಿತ್ತರು. ಈಗ ಬೇಕ್‌ವೆಲ್ ಊರಿನಿಂದ ಬಕ್ಸ್‌ಟನ್ ದಿಕ್ಕಿಗೆ ಸುಮಾರು 13.7 ಕಿ.ಮೀ. ಉದ್ದದ ಗಟ್ಟಿ, ಅಗಲ ದಾರಿ. ವೈ ನದಿ ಕೆಳಗೆ ಕಣಿವೆಯಲ್ಲಿ ಸುತ್ತಿ ಬಳಸಿ ಹರಿದರೆ, ದಾರಿ ಗುಡ್ಡ ಕೊರೆದುಕೊಂಡು ನೇರ ಹೋಗುತ್ತದೆ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರು ಕಣ್ಣಿಗೆ ಕಾಣುವುದಿಲ್ಲ. ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಬೇಕ್‌ವೆಲ್ ಕಡೆಯಿಂದ ಹೊರಟರೆ 'ಇವತ್ತು ಯಾಕೋ ಉಸಿರು ಸಾಲುತ್ತಿಲ್ಲ' ಅನ್ನಿಸುತ್ತದೆ. ವಾಪಸ್ ಬರುವಾಗ ಆ ಸಾಲವೆಲ್ಲ ಬಡ್ಡಿ ಸಮೇತ ತೀರುತ್ತದೆ.

ಇದರ ಮಜಾ ಇರುವುದು ಸುರಂಗಗಳಲ್ಲಿ. ಹೆಡ್‌ಸ್ಟೋನ್, ಕ್ರೆಸ್‌ಬ್ರೂಕ್, ಲಿಟನ್, ಚೀ ಟಾರ್, ಒಂದೊಂದೂ 400 ಮೀಟರ್ ಹತ್ತಿರ. 2011ರ ತನಕ ಮುಚ್ಚಿದ್ದವು. ಹೆಡ್‌ಸ್ಟೋನ್ ಒಳಗೆ ಹೊಕ್ಕರೆ ಜುಲೈ ತಿಂಗಳಲ್ಲೂ ತೋಳಿನ ಬೆವರು ತಣ್ಣಗಾಗುತ್ತದೆ. ಮೇಲಿನಿಂದ ಟಪ್ ಟಪ್ ನೀರು. ನಮ್ಮದೇ ಹೆಜ್ಜೆ ಸದ್ದು ಹಿಂದೆ ಯಾರೋ ಬರುತ್ತಿರುವಂತೆ ಕೇಳಿಸಿ ಒಂದೆರಡು ಸಲ ತಿರುಗಿ ನೋಡಿದ್ದೇನೆ. ಗೋಡೆಯ ಮೇಲೆ ಇನ್ನೂ ಉಗಿಬಂಡಿಯ ಮಸಿ. ತುದಿಯಲ್ಲಿ ಕಾಸಿನಗಲ ಬೆಳಕು ದೊಡ್ಡದಾಗುತ್ತಾ ಬಂದು, ಹೊರಗೆ ಕಾಲಿಟ್ಟ ಕೂಡಲೇ ನೆಲ ಎರಡೂ ಕಡೆ ಕೆಳಗೆ ಇಳಿದುಹೋಗುತ್ತದೆ. 1863ರ ಹೆಡ್‌ಸ್ಟೋನ್ ಸೇತುವೆಯ ಮೇಲೆ ನಿಂತಿರುತ್ತೀರಿ. ಇದನ್ನು ಕಟ್ಟಿದಾಗ ಕಣಿವೆ ಹಾಳಾಯಿತು ಅಂತ ಬೈದವರಿದ್ದರು. ಈಗ ಜನ ಈ ಸೇತುವೆಯ ಫೋಟೋ ತೆಗೆಯೋಕೆಂದೇ ಬರುತ್ತಾರೆ.

ಆದರೆ ಫೋಟೋದಲ್ಲಿ ನೋಡಿದ ಆ ಐದು ಕಮಾನು ಓಡುವವರಿಗೆ ಕಾಣುವುದಿಲ್ಲ. ನಾವು ಅದರ ಮೇಲೇ ಇರುತ್ತೇವಲ್ಲ. ಅದನ್ನು ನೋಡಬೇಕಾದರೆ ಮಾನ್ಸಲ್ ಹೆಡ್‌ಗೆ ಕಡಿದಾದ ಕಾಲುದಾರಿ ಹತ್ತಬೇಕು. ಇನ್ನೊಂದು ಕೊರತೆ, ಗುಡ್ಡ ಸೀಳಿ ಮಾಡಿದ ಜಾಗಗಳಲ್ಲಿ ಎರಡೂ ಕಡೆ ಬಂಡೆ, ಮರ. ನೋಟ ತೆರೆಯುವುದು ಬಿಟ್ಟು ಬಿಟ್ಟು. ಕ್ರೆಸ್‌ಬ್ರೂಕ್ ಮತ್ತು ಲಿಟನ್ ಸುರಂಗಗಳ ನಡುವೆ ಮಾತ್ರ ಸುಣ್ಣಕಲ್ಲಿನ ಗೋಡೆಗಳ ನಡುವಿನ ನೀರು ಕೆಳಗೆ ಪೂರ್ತಿ ಕಾಣುತ್ತದೆ. ಅಲ್ಲೇ ಹಳೆಯ ಹತ್ತಿ ಗಿರಣಿಗಳೂ ಇವೆ. ಲಿಟನ್ ಗಿರಣಿಯಲ್ಲಿ ಲಂಡನ್ನಿನ ಅನಾಥ ಮಕ್ಕಳನ್ನು ತಂದು ದುಡಿಸಿದ ಕತೆ ಗೊತ್ತಾದ ಮೇಲೆ ಆ ನೋಟ ಮೊದಲಿನಷ್ಟು ಹಗುರವಾಗಿ ಕಂಡಿಲ್ಲ.

ಶನಿವಾರ, ಭಾನುವಾರ ಸೈಕಲ್ಲುಗಳ ಜಾತ್ರೆ. ಅದೂ ಒಂದು ದೂರು.

ಸೆವೆನ್ ಸಿಸ್ಟರ್ಸ್, ಅಂದರೆ 'ಏಳು ಅಕ್ಕಂದಿರು' ಎಂಬ ಹೆಸರಿನ, ಸಮುದ್ರದಂಚಿನ ಬಿಳಿ ಸುಣ್ಣದ ಬಂಡೆಯ ಗುಡ್ಡಸಾಲು, ಬೇರೆಯದೇ ಆಟ. ಬ್ರೈಟನ್ನಿನಿಂದ ಈಸ್ಟ್‌ಬೋರ್ನ್‌ಗೆ ಹೋಗುವ 12ನೇ ನಂಬರ್ ಬಸ್ಸಿನಲ್ಲಿ ಎಕ್ಸೀಟ್ ಎಂಬಲ್ಲಿ ಇಳಿದು, ಕುಕ್‌ಮಿಯರ್ ಹೊಳೆ ಹಾವಿನ ಹಾಗೆ ಹರಿಯುವುದನ್ನು ನೋಡುತ್ತಾ ಸಮುದ್ರದ ಕಡೆ ಹೊರಟರೆ ಮೊದಲ ಎರಡು ಕಿಲೋಮೀಟರ್ ಸುಖ. ಆಮೇಲೆ ಶುರು. ಮೊದಲನೆಯ ಗುಡ್ಡ ಹೇವನ್ ಬ್ರೋ, 77 ಮೀಟರ್, ಅಕ್ಕಂದಿರಲ್ಲಿ ಅವಳೇ ಎತ್ತರ. ಇಳಿದ ಕೂಡಲೇ ಇನ್ನೊಂದು ಏರು. ಮತ್ತೆ ಇಳಿ, ಮತ್ತೆ ಹತ್ತು. ಹೆಸರಿಗೆ ಏಳು ಜನ, ಕಾಲಿನ ಲೆಕ್ಕದಲ್ಲಿ ಎಂಟು. ಆ ಎಂಟನೆಯದು ಯಾರಿಗೂ ಬೇಡವಾಗಿತ್ತು.

ಆದರೂ ನೆಲದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಕುರಿ ಮೇದು ಮೇದು ಗಿಡ್ಡವಾದ ಹುಲ್ಲು, ಕೆಳಗೆ ಸುಣ್ಣದ ಮಣ್ಣು. ಕಾಲಿಟ್ಟರೆ ಮೆತ್ತಗೆ, ಆದರೆ ಹೂಳುವುದಿಲ್ಲ. ಒಣಗಿದ ದಿನ ಬಲಗಡೆ ಸಮುದ್ರ ನೋಡುತ್ತಲೇ ಓಡಬಹುದು. ಮಳೆ ಬಿದ್ದ ದಿನ ಹುಲ್ಲು ಸವೆದು ಬೆಳ್ಳಗಾದ ಜಾಗಗಳು ಒದ್ದೆ ಸಾಬೂನು. ಇಳಿಜಾರಿನಲ್ಲಿ ಅದರ ಮೇಲೆ ಹೆಜ್ಜೆ ಇಡಲೇಬೇಡಿ, ಪಕ್ಕದ ಹುಲ್ಲು ಹಿಡಿದೇ ಹೋಗಿ. ಅಂಚಿನ ಹತ್ತಿರ ಹೋಗುವ ಮಾತೇ ಬೇಡ. ಬೇಲಿ ಇಲ್ಲ. ಸುಣ್ಣದ ಬಂಡೆ ಹೇಳದೆ ಕೇಳದೆ ಕುಸಿಯುತ್ತದೆ. ಮುಂದೆ ಸಿಗುವ ಬೆಲ್ ಟೂಟ್ ದೀಪಸ್ತಂಭವನ್ನು 1999ರಲ್ಲಿ ಇಡೀ ಕಟ್ಟಡ ಸಮೇತ 17 ಮೀಟರ್ ಹಿಂದಕ್ಕೆ ಜರುಗಿಸಿದರು. ಅಂಚು ಅಷ್ಟು ಹತ್ತಿರ ಬಂದಿತ್ತು.

ಬರ್ಲಿಂಗ್ ಗ್ಯಾಪ್‌ನಲ್ಲಿ ನೀರು ಕುಡಿದು, 162 ಮೀಟರ್ ಎತ್ತರದ ಬೀಚಿ ಹೆಡ್ ಹತ್ತಿ, ಈಸ್ಟ್‌ಬೋರ್ನ್‌ಗೆ ಇಳಿಯುವ ಹೊತ್ತಿಗೆ ಹೆಚ್ಚುಕಮ್ಮಿ 13 ಕಿ.ಮೀ. ಆಗಿರುತ್ತದೆ. ಗಾಳಿ ಇಲ್ಲಿ ಸಾಮಾನ್ಯವಾಗಿ ನೈರುತ್ಯದಿಂದ ಬೀಸುತ್ತದೆ. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೇ ಓಡಿ, ಬೆನ್ನಿಗೆ ಗಾಳಿ ಸಿಗುತ್ತದೆ. ಎದುರುಗಾಳಿಯಲ್ಲಿ ಆ ಏರುಗಳನ್ನು ಹತ್ತಿದರೆ ಓಡುವುದಿರಲಿ, ನಿಂತಲ್ಲೇ ನಿಲ್ಲುವುದೇ ಸಾಹಸ. ಇಲ್ಲೂ ಸೇತುವೆಯ ಕತೆಯೇ: ಬಿಳಿ ಗೋಡೆಗಳ ಆ ಪ್ರಸಿದ್ಧ ನೋಟ ಇರುವುದು ಹೊಳೆಯ ಆಚೆ ದಡ, ಸೀಫರ್ಡ್ ಹೆಡ್ ಕಡೆಯಿಂದ. ಅಕ್ಕಂದಿರ ತಲೆಯ ಮೇಲೆ ಓಡುವಾಗ ಅವರ ಮುಖ ಕಾಣುವುದಿಲ್ಲ.

ಬಟರ್‌ಮಿಯರ್ ಬಗ್ಗೆ ಉದ್ದ ಹೇಳುವುದಿಲ್ಲ. ನಾಲ್ಕರಲ್ಲಿ ಅತಿ ಚೆಂದ ಅದೇ, ಅನುಮಾನವೇ ಇಲ್ಲ. ಸುಮಾರು 7 ಕಿ.ಮೀ. ಸುತ್ತಳತೆಯ ದಾರಿ, ಸರೋವರ ಯಾವಾಗಲೂ ಪಕ್ಕದಲ್ಲೇ, ಮೂರು ಕಡೆ ಬೆಟ್ಟ. ಒಂದು ಕಡೆ ಬಂಡೆ ಕೊರೆದು ಮಾಡಿದ ಪುಟ್ಟ ಸುರಂಗವೂ ಇದೆ, ತಲೆ ತಗ್ಗಿಸಿ ಹೋಗಬೇಕು. ಆದರೆ ಬೇರು, ಗುಂಡುಕಲ್ಲು, ನೀರು ನಿಂತ ತಗ್ಗು. ನನ್ನ ಲೆಕ್ಕದಲ್ಲಿ ಇದು ಫೇಲ್. ಕಣ್ಣು ಕಾಲಿನ ಮೇಲೆ, ಬೆಟ್ಟ ಪಾಪ ಸುಮ್ನೆ ನಿಂತಿರುತ್ತದೆ. ಮಳೆಯಂತೂ ಹೇಳುವುದೇ ಬೇಡ. ಹಾನಿಸ್ಟರ್ ಕಣಿವೆದಾರಿಯ ಆಚೆಗಿರುವ ಸೀತ್‌ವೇಟ್, ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ. ಆಗುಂಬೆ ಕಡೆಯವರು ಇಷ್ಟೇನಾ ಅಂತ ನಗಬಹುದು. ಆದರೆ ಅಲ್ಲಿ ಮಳೆಗೊಂದು ಕಾಲ ಅಂತ ಇದೆ, ಇಲ್ಲಿ ಅದು ಯಾವ ತಿಂಗಳಾದರೂ ಬರುತ್ತದೆ, ಐಸ್ ನೀರಿನಷ್ಟು ತಣ್ಣಗೆ. ಇಲ್ಲಿ ನಾನು ಈಗ ನಡೆದುಕೊಂಡೇ ಹೋಗುವುದು.

ಶೂ ವಿಷಯ. ಮಾನ್ಸಲ್‌ಗೆ ರಸ್ತೆಯ ಶೂ ಸಾಕು. ಬೇಸಿಗೆಯ ಪೋರ್ಟ್ ಮೆಡೋಗೂ ಸಾಕು. ಉಳಿದ ಎರಡಕ್ಕೆ ಅಡಿಯಲ್ಲಿ ಹಲ್ಲಿರುವ ಟ್ರೇಲ್ ಶೂ ಬೇಕೇ ಬೇಕು.

ವಾರಕ್ಕೊಂದು ಓಟಕ್ಕೆ ಪೋರ್ಟ್ ಮೆಡೋ ನನಗೆ ಸಾಕು. ವರ್ಷಕ್ಕೊಮ್ಮೆ ಮೈ ಮುರಿಯುವಷ್ಟು ಓಡಬೇಕು ಅನ್ನಿಸಿದಾಗ ಸೆವೆನ್ ಸಿಸ್ಟರ್ಸ್, ಅದೂ ಮೇ ಅಥವಾ ಜೂನ್‌ನ ಒಣ ದಿನ ನೋಡಿಕೊಂಡು. ಒಂದೇ ಒಂದು ದಾರಿ ಹೇಳು ಅಂದರೆ ಮಾನ್ಸಲ್. ಪೂರ್ತಿ ಓಡಬೇಕಿಲ್ಲ. ಹ್ಯಾಸಪ್‌ನ ಹಳೆಯ ಸ್ಟೇಷನ್ನಿನಿಂದ ಮಿಲ್ಲರ್ಸ್ ಡೇಲ್ ತನಕ ಹೋಗಿ ಬನ್ನಿ, ಒಳ್ಳೆಯ ಭಾಗವೆಲ್ಲ ಅದರಲ್ಲೇ ಬರುತ್ತದೆ. ವಾರದ ದಿನ, ಸೈಕಲ್ ಬಾಡಿಗೆಯವರು ಬಾಗಿಲು ತೆರೆಯುವ ಮೊದಲು ಹೊರಟರೆ ಸುರಂಗವೆಲ್ಲ ನಿಮ್ಮದೇ. ಒಳಗಿನ ದೀಪಗಳು ಉರಿಯುವುದು ಹಗಲಿನಲ್ಲಿ ಮಾತ್ರ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು ಕವಿಯುತ್ತದೆ, ತಲೆಗೆ ಕಟ್ಟುವ ಟಾರ್ಚ್ ಮರೆಯಬೇಡಿ.