ಮುನ್ನೂರು ರೂಪಾಯಿಯ ಮೀಟರು, ಎರಡು ಬ್ಯಾಟರಿಗಳ ಲೆಕ್ಕ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಗೊಂಚಲಾಗಿ ತೂಗುಹಾಕಿರುವ, ವೋಲ್ಟು, ಕರೆಂಟು, ತಡೆಗಳನ್ನು ಅಳೆಯುವ ಅಂಗೈಯಗಲದ ಹಳದಿ ಡಿಜಿಟಲ್ ಮಲ್ಟಿಮೀಟರನ್ನು ಅಲ್ಲಿಗೆ ಹೋದವರೆಲ್ಲ ನೋಡಿಯೇ ಇರುತ್ತಾರೆ. ಮೈಮೇಲೆ 830 ಎಂಬ ಸಂಖ್ಯೆಯಿರುವ ಈ ಮಾದರಿಯನ್ನು ಹಲವು ತಯಾರಕರು ಹಲವು ಹೆಸರುಗಳಲ್ಲಿ ಮಾರುತ್ತಾರಾದ್ದರಿಂದ ಇದನ್ನು ಯಾವುದೋ ಒಂದು ಕಂಪನಿಯ ಉತ್ಪನ್ನವೆಂದು ಕರೆಯುವುದು ಕಷ್ಟ. ನಾನು ಇದನ್ನು 300 ರೂಪಾಯಿಗೆ ಕೊಂಡೆ. ಒಂದೂವರೆ ವರ್ಷದಿಂದ ಬೈಕಿನ ಬ್ಯಾಟರಿ ಮತ್ತು ಚಾರ್ಜಿಂಗ್ ವ್ಯವಸ್ಥೆಯನ್ನು ಪರೀಕ್ಷಿಸುವುದಕ್ಕಷ್ಟೇ ಬಳಸಿದ್ದೇನೆ. ಆದ್ದರಿಂದ ಈ ವಿಮರ್ಶೆಯೂ ಆ ಒಂದು ಕೆಲಸಕ್ಕೆ ಸೀಮಿತವಾಗಿದೆ.

ಕೊಳ್ಳಲು ಕಾರಣವಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮಳೆಗಾಲವನ್ನೂ ಲೆಕ್ಕಿಸದೆ ನಿತ್ಯ ಓಡುವ ನನ್ನ ಬೈಕಿಗೆ 14 ತಿಂಗಳಲ್ಲಿ ಎರಡು ಬ್ಯಾಟರಿಗಳನ್ನು ಹಾಕಿಸಿದ್ದೆ. ಎರಡು ಸಲವೂ ಬೆಳಿಗ್ಗೆ ಸೆಲ್ಫ್ ಬಟನ್ ಒತ್ತಿದರೆ ಟಕಟಕ ಸದ್ದು ಮಾತ್ರ ಬರುತ್ತಿತ್ತು, ಎರಡು ಸಲವೂ ಗ್ಯಾರೇಜಿನಲ್ಲಿ ‘ಬ್ಯಾಟರಿ ಹೋಗಿದೆ’ ಎಂಬ ತೀರ್ಪು ಸಿಕ್ಕಿತ್ತು. ಆ ತೀರ್ಪು ಸುಳ್ಳೆಂದು ನಾನು ಹೇಳಲಾರೆ, ಏಕೆಂದರೆ ಸದಾ ಅರೆಹೊಟ್ಟೆಯಲ್ಲಿರುವ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಅದು ನಿಜವಾಗಿಯೇ ಸಾಯುತ್ತದೆ. ಆದರೆ ಅದು ಅರೆಹೊಟ್ಟೆಯಲ್ಲಿ ಏಕಿತ್ತು ಎಂಬುದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೂರನೆಯ ಸಲ ಅದೇ ಟಕಟಕ ಶುರುವಾದಾಗ ಬ್ಯಾಟರಿಯ ಬದಲು ಮೀಟರು ಕೊಂಡೆ.

ಮೀಟರಿನ ತಿರುಗುಗುಂಡಿಯನ್ನು ಡಿಸಿ (ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು) 20 ವೋಲ್ಟಿಗೆ ತಂದರೆ ಪರದೆಯ ಮೇಲೆ ವೋಲ್ಟಿನ ನೂರರಲ್ಲಿ ಒಂದು ಭಾಗದವರೆಗೆ ಅಂಕಿ ಕಾಣುತ್ತದೆ. ಬ್ಯಾಟರಿಯ ವಿಷಯದಲ್ಲಿ ಈ ಸೂಕ್ಷ್ಮತೆ ಅಲಂಕಾರವಲ್ಲ. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ 12.6ರಿಂದ 12.8 ತೋರಿಸಿದರೆ ತುಂಬಿದೆ ಎಂದರ್ಥ, 12.2 ತೋರಿಸಿದರೆ ಸರಿಸುಮಾರು ಅರ್ಧ ಖಾಲಿಯಾಗಿದೆ ಎಂದರ್ಥ. ಇಡೀ ಕಥೆ ನಡೆಯುವುದು ಇಷ್ಟು ಕಿರಿದಾದ ಅಂತರದೊಳಗೆ. ಜೊತೆಗೆ ಬಂದ ಹಾಳೆಯ ಪ್ರಕಾರ ಅಳತೆಯಲ್ಲಿ ಅರ್ಧ ಶೇಕಡಾ ಮತ್ತು ಕೊನೆಯ ಅಂಕಿಯಲ್ಲಿ ಎರಡರಷ್ಟು ಹೆಚ್ಚುಕಡಿಮೆ ಇರಬಹುದು, ಅಂದರೆ 12.60 ಎಂದು ಕಂಡದ್ದು 12.52ರಿಂದ 12.68ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಬ್ಯಾಟರಿ ಮುಕ್ಕಾಲು ತುಂಬಿದೆಯೋ ಪೂರ್ತಿ ತುಂಬಿದೆಯೋ ಎಂದು ಪಟ್ಟು ಹಿಡಿದು ಕೇಳುವವರಿಗೆ ಇದು ಸಾಲದು, ಆದರೆ ಅರ್ಧ ಖಾಲಿಯಾದದ್ದನ್ನು ಗುರುತಿಸುವುದಕ್ಕೆ ಧಾರಾಳವಾಗಿ ಸಾಕು. ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಮಾತ್ರ ಯಾವ ಮೀಟರೂ ಮೋಸಹೋಗುತ್ತದೆ. ಬ್ಯಾಟರಿಯ ಮೇಲ್ಮೇಲಿನ ಚಾರ್ಜು ಇಳಿಯುವವರೆಗೆ ಕಾಯಬೇಕು.

ನನ್ನ ಬೈಕಿನಲ್ಲಿ ಮೊದಲ ಬೆಳಗಿನ ಅಂಕಿ 12.1 ಇತ್ತು. ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ತುಂಬಿಸಿ ಒಂದು ಇಡೀ ದಿನ ಬಿಟ್ಟು ನೋಡಿದಾಗ 12.6 ನಿಂತಿತ್ತು, ಸೆಲ್ಫ್ ಹೊಡೆಯುವಾಗ 10.3ಕ್ಕಿಂತ ಕೆಳಗೆ ಇಳಿಯಲಿಲ್ಲ. ಸೆಲ್ಫ್ ತಿರುಗುವ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಕುಸಿಯುವ ಬ್ಯಾಟರಿಯನ್ನಷ್ಟೇ ಸಂಶಯದಿಂದ ನೋಡಬೇಕು. ಇದು ಆ ಸಾಲಿಗೆ ಸೇರಿರಲಿಲ್ಲ. ಎಂಜಿನ್ ಚಾಲೂ ಮಾಡಿ ನಿಮಿಷಕ್ಕೆ 4000 ಸುತ್ತಿಗೆ, ಅಂದರೆ 4000 ಆರ್‌ಪಿಎಂಗೆ ಏರಿಸಿದರೆ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟು ಇರಬೇಕಾದಲ್ಲಿ 12.8 ಮಾತ್ರ ಕಂಡಿತು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯಲೇಬೇಕೆಂಬ ನಿಯಮವಿರುವುದರಿಂದ, ಐದಾರು ಕಿಲೋಮೀಟರು ಊರೊಳಗೆ ಓಡಾಡುವ ಬೈಕಿಗೆ ಈ ಕೊರತೆಯನ್ನು ತುಂಬಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಮೀಟರು ಕೈಗೆ ಬಂದು ಎರಡನೆಯ ದಿನಕ್ಕೇ ಬ್ಯಾಟರಿ ನಿರಪರಾಧಿ ಎಂಬುದು ತಿಳಿದಿತ್ತು.

ಇನ್ನು ಉಳಿದದ್ದು ಎಂಜಿನ್ ತಿರುಗಿದಂತೆ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್, ಅದನ್ನು ಡಿಸಿಯಾಗಿ ಬದಲಿಸಿ ವೋಲ್ಟನ್ನು ಹದದಲ್ಲಿಡುವ, ಮೆಕ್ಯಾನಿಕ್‌ಗಳು ಆರ್‌ಆರ್ ಯೂನಿಟ್ ಎನ್ನುವ ರೆಗ್ಯುಲೇಟರ್ ರೆಕ್ಟಿಫೈಯರ್, ಮತ್ತು ಇವೆರಡನ್ನೂ ಬ್ಯಾಟರಿಗೆ ಜೋಡಿಸುವ ವೈರು. ಕಾಯಿಲಿನಿಂದ ಬರುವ ಮೂರು ಹಳದಿ ವೈರುಗಳ ಕಪ್ಲರ್ (ವೈರುಗಳನ್ನು ಕೂಡಿಸುವ ಜೋಡಣೆ) ಬಿಚ್ಚಿ ಎರಡೆರಡರ ನಡುವಿನ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆದಾಗ ಈ ಮೀಟರಿನ ಮೊದಲ ದೌರ್ಬಲ್ಯ ಹೊರಬಿತ್ತು. ಪ್ರತಿ ಜೋಡಿಯೂ 0.9 ಓಮ್ ತೋರಿಸಿತು, ಆದರೆ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.5 ಓಮ್ ಬರುತ್ತಿತ್ತು. ಕೂದಲೆಳೆಯಂಥ ತಂತಿ ಹಾಕಿ ಮಾಡಿದ ವೈರುಗಳ ತಡೆಯೇ ಕಾಯಿಲಿನ ತಡೆಗಿಂತ ಹೆಚ್ಚು. ಅದನ್ನು ಕಳೆದರೆ ಮೂರೂ ಜೋಡಿಗಳಲ್ಲಿ 0.4 ಉಳಿಯಿತು, ಯಾವ ಹಳದಿ ವೈರಿಗೂ ಬೈಕಿನ ಬಾಡಿಯ ಜೊತೆ ಸಂಪರ್ಕ ಕಾಣಲಿಲ್ಲ. ಸಂಪರ್ಕ ಕಂಡಿದ್ದರೆ ಕಾಯಿಲ್ ಸುಟ್ಟು ಅರ್ತ್ ಆಗಿದೆ ಎಂದು ಅಲ್ಲಿಗೇ ನಿಲ್ಲಬಹುದಿತ್ತು.

ಎಂಜಿನ್ ಓಡುತ್ತಿರುವಾಗ ಅದೇ ಹಳದಿ ವೈರುಗಳಲ್ಲಿ ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು) ವೋಲ್ಟ್ ಅಳೆಯುವುದು ಮುಂದಿನ ಹೆಜ್ಜೆ. ಇಲ್ಲಿ ಈ ಮೀಟರಿನ ಅಂಕಿಯನ್ನು ಅಕ್ಷರಶಃ ನಂಬಬಾರದು. ಆರು ಜೋಡಿ ಧ್ರುವಗಳಿರುವ ಮ್ಯಾಗ್ನೆಟ್ 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ 400 ಆವರ್ತನದ ವಿದ್ಯುತ್ತನ್ನು ಕೊಡುತ್ತದೆ, ಮೀಟರು ರೂಪುಗೊಂಡಿರುವುದಾದರೋ ಮನೆಯ 50 ಆವರ್ತನದ ಕರೆಂಟಿಗಾಗಿ. ಸಾಲದ್ದಕ್ಕೆ ಪ್ಲಗ್ಗಿನ ಕಿಡಿಯ ಗಲಾಟೆಗೆ ಅಂಕಿಗಳು ಕುಣಿಯುತ್ತವೆ. ಆದರೂ ಮೂರು ಜೋಡಿಗಳೂ ಸಮವಾಗಿವೆಯೇ, ವೇಗದೊಂದಿಗೆ ಒಟ್ಟಾಗಿ ಏರುತ್ತವೆಯೇ ಎಂಬ ಎರಡು ಪ್ರಶ್ನೆಗಳಿಗೆ ಅದು ನೇರ ಉತ್ತರ ಕೊಟ್ಟಿತು: 41, 41, 42. ಕಾಯಿಲ್ ಚೆನ್ನಾಗಿತ್ತು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಗುರುತಿಗೆ ಗುಂಡಿ ತಿರುಗಿಸಿ ಆರ್‌ಆರ್ ಯೂನಿಟ್ ಪರೀಕ್ಷಿಸಿದಾಗ, ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸಿನ ಅಂಕಿ, ಕಡ್ಡಿಗಳನ್ನು ಅದಲುಬದಲು ಮಾಡಿದರೆ ಎಡತುದಿಯಲ್ಲಿ ಬರೀ ಒಂದು (ವಿದ್ಯುತ್ತು ಹರಿಯುತ್ತಿಲ್ಲ ಎಂಬ ಗುರುತು), ಅದೂ ಸರಿಯಿತ್ತು.

ಕೊನೆಗೆ ಕಳ್ಳ ಸಿಕ್ಕಿದ್ದು ಎಲ್ಲಕ್ಕಿಂತ ಸುಲಭವಾದ, ಆದರೆ ಗ್ಯಾರೇಜುಗಳಲ್ಲಿ ನಾನು ಯಾರೂ ಮಾಡಿದ್ದನ್ನು ಕಾಣದ ಪರೀಕ್ಷೆಯಲ್ಲಿ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಆರ್‌ಆರ್ ಯೂನಿಟಿನಿಂದ ಹೊರಡುವ ಕೆಂಪು ವೈರಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ತುದಿಗೂ ಇಟ್ಟರೆ, ಆ ದಾರಿಯಲ್ಲಿ ಎಷ್ಟು ವೋಲ್ಟು ಸೋರಿಹೋಗುತ್ತಿದೆ ಎಂಬುದು ಪರದೆಯ ಮೇಲೆ ಬರುತ್ತದೆ. ಅದು 0.2 ಅಥವಾ 0.3ರೊಳಗೆ ಇರಬೇಕು. ನನಗೆ ಕಂಡದ್ದು 1.2. ಅರ್ತ್ ಕಡೆಯಲ್ಲಿ 0.05 ಮಾತ್ರ ಇತ್ತು. ಅಂದರೆ ಯೂನಿಟಿನಿಂದ 14 ವೋಲ್ಟು ಪ್ರಾಮಾಣಿಕವಾಗಿ ಹೊರಡುತ್ತಿತ್ತು, ಬ್ಯಾಟರಿಗೆ ಮುಟ್ಟುತ್ತಿದ್ದದ್ದು 12.8. ಸೀಟಿನ ಕೆಳಗಿನ ಕಪ್ಲರ್ ಬಿಚ್ಚಿದಾಗ ಒಂದು ಪಿನ್ ಹಸಿರುಗಟ್ಟಿ, ಸುತ್ತಲಿನ ಬಿಳಿ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿತ್ತು. ಸುಮಾರು 6 ಆಂಪಿಯರ್ ಹರಿಯುವ ಜಾಗದಲ್ಲಿ 1.2 ವೋಲ್ಟು ಉಳಿದರೆ 7 ವ್ಯಾಟಿನಷ್ಟು ಶಾಖ ಒಂದು ಪಿನ್ನಿನ ಮೇಲೆ ಕೂತಂತೆ. ಅದು ಬೇಯದೆ ಇನ್ನೇನಾದೀತು? ಮಲೆನಾಡಿನ ಮಳೆ ಮೊದಲು ಪಿನ್ನಿಗೆ ಕಿಲುಬು ಹಿಡಿಸಿತ್ತು, ಉಳಿದದ್ದನ್ನು ಶಾಖ ಮಾಡಿತ್ತು. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಕಪ್ಲರನ್ನೂ ಪಿನ್ನುಗಳನ್ನೂ ಬದಲಾಯಿಸಿಕೊಟ್ಟ ಮೇಲೆ 4000 ಆರ್‌ಪಿಎಂನಲ್ಲಿ 14.1 ಬಂತು, ಮೂರನೆಯ ಬ್ಯಾಟರಿ ಕೊಳ್ಳುವ ಪ್ರಮೇಯ ಬರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಅದೇ ಮೀಟರು ನನ್ನನ್ನು ದಾರಿತಪ್ಪಿಸಿದ ಪ್ರಸಂಗವನ್ನೂ ಹೇಳಬೇಕು. ಆರು ತಿಂಗಳ ಬಳಿಕ ಒಂದು ಭಾನುವಾರ ಸುಮ್ಮನೆ ಪರೀಕ್ಷಿಸಿದಾಗ ಎಂಜಿನ್ ಓಡುವಾಗ 15.3 ವೋಲ್ಟು ಕಂಡಿತು. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸುಡುತ್ತವೆ ಎಂದು ಓದಿಕೊಂಡಿದ್ದ ನಾನು ಹೊಸ ಆರ್‌ಆರ್ ಯೂನಿಟಿನ ಬೆಲೆಯನ್ನೂ ವಿಚಾರಿಸಿಬಿಟ್ಟೆ. ಮರುದಿನ ಬೆಳಿಗ್ಗೆ, ರಾತ್ರಿಯಿಡೀ ನಿಂತಿದ್ದ ಬೈಕಿನ ಬ್ಯಾಟರಿ 13.7 ತೋರಿಸಿದಾಗ ಸಂಶಯ ಬಂತು. ಸೀಸದ ಬ್ಯಾಟರಿ ಅಷ್ಟು ಹೊತ್ತು ಸುಮ್ಮನಿದ್ದು 13.7ರಲ್ಲಿ ನಿಲ್ಲುವುದು ಸಾಧ್ಯವೇ ಇಲ್ಲ. ಬಡವಾಗಿದ್ದುದು ಮೀಟರಿನೊಳಗಿನ 9 ವೋಲ್ಟಿನ ಸೆಲ್. ಈ ಅಗ್ಗದ ಮೀಟರುಗಳ ಸೆಲ್ ಇಳಿದಂತೆ ಅಳತೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತಾ ಹೋಗುತ್ತದೆ. ಹೊಸ ಸೆಲ್ ಹಾಕಿದ ಮೇಲೆ ಅದೇ ಬೈಕು, ಅದೇ ಬ್ಯಾಟರಿ: ನಿಂತಾಗ 12.6, ಓಡುವಾಗ 14.1. ತಾನಾಗಿಯೇ ಆರುವ ಸೌಲಭ್ಯ ಇದರಲ್ಲಿಲ್ಲದ ಕಾರಣ, ಗುಂಡಿಯನ್ನು ಆಫ್‌ಗೆ ತಿರುಗಿಸಲು ಮರೆತರೆ ಸೆಲ್ ಮುಗಿಯುವುದು ಖಂಡಿತ.

ಇನ್ನೊಂದು ಎಚ್ಚರಿಕೆ ಗಂಭೀರವಾದದ್ದು. 10 ಆಂಪಿಯರಿನ ತೂತಿಗೆ ಫ್ಯೂಸ್ ಇಲ್ಲ, ಅದನ್ನು ಮೀಟರಿನ ಮುಖದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಬೈಕು ಆಫ್ ಇರುವಾಗ ಕರೆಂಟು ಸೋರುತ್ತಿದೆಯೇ ಎಂದು ನೋಡಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ನಡುವೆ ಮೀಟರು ಜೋಡಿಸಿ ಈ ತೂತನ್ನು ಬಳಸಬೇಕಾಗುತ್ತದೆ. ಆಗ ಸೆಲ್ಫ್ ಒತ್ತಬಾರದು. ಕೆಲಸ ಮುಗಿದ ಮೇಲೆ ಕೆಂಪು ಕಡ್ಡಿಯ ವೈರನ್ನು ಅದರ ಮೊದಲಿನ ಜಾಗಕ್ಕೆ ಮರಳಿಸದೆ ಬ್ಯಾಟರಿಯ ವೋಲ್ಟ್ ಅಳೆಯಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ವೈರು ಕರಗುವುದಕ್ಕೆ ಕ್ಷಣ ಸಾಕು. ಈ ಪರೀಕ್ಷೆಯಿಂದಲೇ ನನ್ನ ಗೆಳೆಯನ ಬೈಕಿನಲ್ಲಿ ಆತ ಹಾಕಿಸಿದ್ದ ಜಿಪಿಎಸ್ ಟ್ರ್ಯಾಕರ್ 25 ಮಿಲಿಆಂಪಿಯರ್ ಎಳೆಯುತ್ತಿರುವುದು ಗೊತ್ತಾಯಿತು. ಕೇಳಲು ಅಲ್ಪ, ಆದರೆ ದಿನಕ್ಕೆ 0.6 ಆಂಪಿಯರ್ ಅವರ್‌ನಂತೆ ಅದು 9 ಆಂಪಿಯರ್ ಅವರ್‌ನ ಬ್ಯಾಟರಿಯನ್ನು 15 ದಿನಗಳಲ್ಲಿ ಬರಿದು ಮಾಡುತ್ತದೆ, ಆತ ರಜೆಗೆ ಊರಿಗೆ ಹೋಗಿ ಬಂದಾಗಲೆಲ್ಲ ಬೈಕು ಏಕೆ ಮುಷ್ಕರ ಹೂಡುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಬೈಕಿನ ವೈರಿಂಗಿಗೆ ಕೈಹಾಕುವ ಆಸಕ್ತಿಯಿಲ್ಲದವರೂ ನಿಂತಾಗಿನ ಮತ್ತು ಓಡುವಾಗಿನ ಎರಡು ಅಂಕಿಗಳನ್ನು ಬರೆದುಕೊಂಡು ಗ್ಯಾರೇಜಿಗೆ ಹೋಗಲು ಇದನ್ನು ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ನಿತ್ಯ ಹತ್ತು ಬೈಕು ನೋಡುವ ಮೆಕ್ಯಾನಿಕ್‌ಗೆ ಇದನ್ನು ಶಿಫಾರಸು ಮಾಡಲಾರೆ. ಫ್ಯೂಸ್ ಇರುವ, ದಪ್ಪ ವೈರಿನ, ತಾನಾಗಿ ಆರುವ ಮೀಟರಿಗೆ ಅವರು ಇನ್ನಷ್ಟು ಹಣ ಕೊಡುವುದೇ ಲಾಭ. ವೈರು ಬಿಚ್ಚದೆ ಅದರ ಸುತ್ತ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಕೊಳ್ಳುವ ಯೋಚನೆಯಿದ್ದರೆ ಅದು ಡಿಸಿ ಆಂಪಿಯರ್ ಅಳೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು, ಅಗ್ಗದ ಬಹುಪಾಲು ಕ್ಲ್ಯಾಂಪುಗಳು ಎಸಿ ಮಾತ್ರ ಅಳೆಯುತ್ತವೆ. ಹಳದಿ ಮೀಟರನ್ನೇ ಕೊಳ್ಳುವವರು ಅಂಗಡಿಯಲ್ಲಿಯೇ ಹೊಸ 9 ವೋಲ್ಟಿನ ಸೆಲ್ ಹಾಕಿಸಿ, ಎರಡು ಕಡ್ಡಿಗಳನ್ನು ತಾಗಿಸಿ ಎಷ್ಟು ಓಮ್ ಬರುತ್ತದೆ ಎಂದು ನೋಡಿ, ಆ ಅಂಕಿಯನ್ನು ಮೀಟರಿನ ಬೆನ್ನಿಗೆ ಬರೆದಿಟ್ಟುಕೊಳ್ಳಲಿ. ನನ್ನದರ ಬೆನ್ನ ಮೇಲೆ 0.5 ಎಂದಿದೆ.