ಚಂಡೆಯ ಪೆಟ್ಟು ತಾಳುವ ಹಳೇ ಆಂಪ್ಲಿಫೈಯರ್ ಯಾವುದು?

ಈ ಮಳೆಗಾಲ ಕಾರವಾರದ ನಮ್ಮ ಮನೆಯಲ್ಲಿ ಮೂರು ಹಳೇ ಆಂಪ್ಲಿಫೈಯರ್‌ಗಳು ಒಂದೇ ಮೇಜಿನ ಮೇಲೆ ಕೂತಿದ್ದವು. ಒಂದು ನ್ಯಾಡ್ 3020. ಇನ್ನೊಂದು ಪಯೋನೀರ್ ಎಸ್‌ಎಕ್ಸ್-450, ರೇಡಿಯೊ ಕೂಡ ಇರುವ ರಿಸೀವರ್. ಮೂರನೆಯದು ಯಾರೋ ಮೆಕ್ಯಾನಿಕ್ ಹತ್ತಿರ ಅಸೆಂಬಲ್ ಮಾಡಿಸಿದ ತಗಡಿನ ಡಬ್ಬಿ. ಮೂರಕ್ಕೂ ಅದೇ ಜೋಡಿ 8 ಓಮ್ ಸ್ಪೀಕರ್. ಕೇಳಿದ್ದು ಜಾಸ್ತಿ ಬಡಗುತಿಟ್ಟು ಯಕ್ಷಗಾನದ ಹಳೇ ರೆಕಾರ್ಡಿಂಗ್.

ಯಕ್ಷಗಾನವೇ ಯಾಕೆ ಅಂದರೆ, ಚಂಡೆಯ ಪೆಟ್ಟು ಒಮ್ಮೆಲೇ ಬಂದು ಒಮ್ಮೆಲೇ ಹೋಗುತ್ತದೆ. ಅದರ ಹಿಂದೆಯೇ ಭಾಗವತರ ದನಿ ಇರುತ್ತದೆ. ಪೆಟ್ಟು ಬಿದ್ದಾಗ ದನಿ ಒಡೆಯಬಾರದು. ಆಂಪ್ಲಿಫೈಯರ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ.

ಮೊದಲ ದಿನ ಸುಮ್ನೆ ಒಂದಾದ ಮೇಲೆ ಒಂದು ಹಾಕಿ ಕೇಳಿದೆ. ಯಾವುದರ ಸದ್ದು ಸ್ವಲ್ಪ ಜಾಸ್ತಿ ಇತ್ತೋ ಅದೇ ಚೆನ್ನಾಗಿದೆ ಅನಿಸಿತು. ಕಿವಿ ಹಾಗೇ ಮೋಸ ಹೋಗುತ್ತದೆ. ಮರುದಿನ ಮೊಬೈಲಿನಲ್ಲಿ ಸದ್ದು ಅಳೆದು ಮೂರನ್ನೂ ಸಮ ಮಾಡಿದೆ. ಶಿರಸಿಯಿಂದ ಬಂದಿದ್ದ ಭಾವ ನನಗೆ ಹೇಳದೆ ವೈರ್ ಬದಲಿಸುತ್ತ ಹೋದರು.

ತಗಡಿನ ಡಬ್ಬಿಯ ಮೇಲೆ 100 ವಾಟ್ ಎಂದು ಬರೆದಿದೆ. ನ್ಯಾಡ್‌ನದು ಒಂದು ಚಾನೆಲ್‌ಗೆ 20, ಪಯೋನೀರ್‌ನದು 15. ಈ ಅಂಕಿ ನೋಡಿ ದುಡ್ಡು ಕೊಡಬೇಡಿ. ವಾಟ್ ಎರಡು ಪಟ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ.

ಚಂಡೆಗೆ ನ್ಯಾಡ್ ಗೆದ್ದಿತು, ಅದೂ ಸುಲಭವಾಗಿ. 1978ರಲ್ಲಿ ಬಂದ ಇದನ್ನು ರೂಪಿಸಿದವರು ಎರಿಕ್ ಎಡ್ವರ್ಡ್‌ಸೆನ್. ನೋಡಲು ಏನೂ ಇಲ್ಲ, ಪ್ಲಾಸ್ಟಿಕ್ ಮುಖ, ನಾಲ್ಕಾರು ಗುಬುಟು. ಆದರೆ ಪೆಟ್ಟು ಬಿದ್ದ ಕ್ಷಣದಲ್ಲಿ 20 ವಾಟ್‌ಗಿಂತ ಎಷ್ಟೋ ಜಾಸ್ತಿ ಕೊಡುವ ತಾಕತ್ತು ಇದಕ್ಕಿದೆ. ಮಿತಿ ಮೀರಿದಾಗಲೂ ಅಲೆಯ ತುದಿ ಕತ್ತರಿಸಿ ಹೋಗದೆ ದುಂಡಗಾಗಲಿ ಎಂದು ಸಾಫ್ಟ್ ಕ್ಲಿಪಿಂಗ್ ಸ್ವಿಚ್ ಇಟ್ಟಿದ್ದಾರೆ. ಅದನ್ನು ಹಾಕಿ ತೆಗೆದು ಎಷ್ಟು ಸಲ ಕೇಳಿದೆನೋ! ಹಾಕಿದಾಗ ಭಾಗವತರ ದನಿ ಚಂಡೆಯ ಹಿಂದೆ ಹಾಗೇ ನಿಂತಿರುತ್ತದೆ.

ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆಯೇ. ಮೊದಲ 3020ರ ಒಳಗೆ ಸ್ಪೀಕರ್‌ಗೆ ಶಕ್ತಿ ಕೊಡುವುದು 2ಎನ್3055 ಎಂಬ ಟ್ರಾನ್ಸಿಸ್ಟರ್ ಮತ್ತು ಅದರ ಜೋಡಿ ಎಂಜೆ2955. ತಗಡಿನ ಡಬ್ಬಿ ಬಿಚ್ಚಿದರೆ ಅಲ್ಲಿಯೂ ಅದೇ 2ಎನ್3055, ಲೋಹದ ಟೋಪಿ ಹಾಕಿಕೊಂಡು ಕೂತಿದೆ. ಟ್ರಾನ್ಸಿಸ್ಟರ್ ಅದೇ, ಹಾಡು ಬೇರೆ. ವ್ಯತ್ಯಾಸ ಇರುವುದು ಸುತ್ತಲಿನ ಸರ್ಕ್ಯೂಟಿನಲ್ಲಿ, ಪವರ್ ಸಪ್ಲೈಯಲ್ಲಿ. ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಪ್ರೀ-ಆಂಪ್ (ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ಬೋರ್ಡಿಗೆ ಅಂಟಿಕೊಂಡಂತೆ ಇತ್ತು, ಅದಕ್ಕೇ ಯಾವಾಗಲೂ ಗುಂಯ್ ಅನ್ನುತ್ತಿತ್ತು. ಅದನ್ನು ಬಿಚ್ಚಿ ದೂರದ ಮೂಲೆಗೆ ತಿರುಗಿಸಿ ಕೂರಿಸಿದೆ. ಗುಂಯ್ ಮುಕ್ಕಾಲು ಪಾಲು ಹೋಯಿತು. ಚಂಡೆ ಮಾತ್ರ ಇನ್ನೂ ಡಬ್ಬ ಬಡಿದಂತೆಯೇ ಕೇಳುತ್ತದೆ. ಆದರೂ ರಿಪೇರಿಗೆ ಇದರಷ್ಟು ಸುಲಭದ್ದು ಇಲ್ಲ, ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ.

ಪಯೋನೀರ್ 1976ರದ್ದು. ಒಂಟಿ ದನಿಗೆ, ಸಂಜೆ ಹೊತ್ತು ಸಣ್ಣ ಸದ್ದಿನಲ್ಲಿ ಕೇಳುವ ಖಯಾಲಿಗೆ ಇದೇ ಚೆಂದ. ಒಂಟಿ ದನಿ ಹಾಕಿ ಭಾವ ವೈರ್ ಬದಲಿಸಿದ ಐದು ಸಲದಲ್ಲಿ ನಾಲ್ಕು ಸಲ ನಾನು ಇದನ್ನೇ ಆರಿಸಿದೆ. ಚಂಡೆ ಜೋರಾದಾಗ ಮಾತ್ರ ಸೋಲುತ್ತದೆ. ಡಯಲ್ ತಿರುಗಿಸಿದರೆ ಕಾರವಾರ ಆಕಾಶವಾಣಿ, ರಾತ್ರಿ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ. ಇದು ಬೇರೆ ಯಾವುದರಲ್ಲೂ ಇಲ್ಲ, ಅಲ್ವಾ? ಕೊಳ್ಳುವಾಗ ಹಿಂದಿನ ಚೀಟಿ ಓದಿ. 120 ವೋಲ್ಟ್ ಅಂತ ಇದ್ದರೆ ಅಮೆರಿಕದ್ದು, ನಮ್ಮ ಕರೆಂಟಿಗೆ ನೇರವಾಗಿ ಹಾಕಿದರೆ ಸುಟ್ಟೇ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾಟ ಉಪ್ಪುಗಾಳಿ. ಮೂರರ ವಾಲ್ಯೂಮ್ ಗುಬುಟೂ ಕರಕರ ಅನ್ನುತ್ತಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿದ ಮೇಲೆ ಸುಮ್ಮನಾದವು. ನ್ಯಾಡ್‌ನ ಹಿಂದೆ ಪ್ರೀ-ಆಂಪನ್ನೂ ಪವರ್ ಆಂಪನ್ನೂ ಸೇರಿಸುವ ಲೋಹದ ಪುಟ್ಟ ಕೊಂಡಿಗಳಿವೆ. ಅವಕ್ಕೆ ಕಿಲುಬು ಹಿಡಿದರೆ ಒಂದು ಕಡೆಯ ಸದ್ದು ಹೋಗುತ್ತದೆ. ಆಂಪ್ಲಿಫೈಯರೇ ಕೆಟ್ಟಿತು ಎಂದು ಅಂಗಡಿಗೆ ಒಯ್ಯುವ ಮೊದಲು ಅವನ್ನು ಬಿಚ್ಚಿ ಉಜ್ಜಿ ನೋಡಿ.

ನ್ಯಾಡ್ ಇಲ್ಲಿಯೇ ಉಳಿಯಿತು. ಪಯೋನೀರನ್ನು ಭಾವ ಶಿರಸಿಗೆ ಒಯ್ದರು. ಅಲ್ಲಿ ಮಳೆ ಇದೆ, ಉಪ್ಪುಗಾಳಿ ಇಲ್ಲ.